ಕಿಟಕಿ ಪಕ್ಕದ ಕರವಸ್ತ್ರ

ಶನಿವಾರ ಬೆಳಿಗ್ಗೆ ಅಹಮದಾಬಾದಿನಿಂದ ಬಂದ ಗಾಡಿಯನ್ನು ನಾವು ಮೂವರು ವಡೋದರಾದಲ್ಲಿ ಹತ್ತಿದೆವು. ಡಿಸೆಂಬರಿನ ಚಳಿ, ಪ್ಲಾಟ್‌ಫಾರಂ ಮೇಲೆ ಎಲ್ಲರ ಕೈಯಲ್ಲೂ ಚಹಾ. ಸೂರತ್ ಇಲ್ಲಿಂದ ಸುಮಾರು ನೂರಮೂವತ್ತು ಕಿಲೋಮೀಟರ್, ಎರಡು ತಾಸಿನ ದಾರಿ.

ಮೂವರೂ ವಡೋದರಾದಲ್ಲಿ ಓದುತ್ತಿರುವ ಕನ್ನಡದವರು. ಸಹನಾ ಮೈಸೂರಿನವಳು, ನಾನು ತುಮಕೂರಿನವಳು, ರೇಣುಕಾ ವಿಜಯಪುರದ ಕಡೆಯವಳು. ಪ್ರವಾಸಕ್ಕೆ ಕಾರಣ ರೇಣುಕಾ. ಬಟ್ಟೆಗೆ ಬಣ್ಣ ಹಾಕುವ ರಸಾಯನಶಾಸ್ತ್ರ ಅವಳ ವಿಷಯ. ಸೂರತ್ತಿನ ಪಾಂಡೇಸರಾದ ಒಂದು ಮಿಲ್ಲಿನಲ್ಲಿ ಆರು ತಿಂಗಳ ತರಬೇತಿ ಸಿಕ್ಕಿತ್ತು. ಮುಂದಿನ ತಿಂಗಳ ಒಂದನೇ ತಾರೀಖಿಗೆ ಸೇರಬೇಕು. ಹಾಸ್ಟೆಲ್ ಬಿಟ್ಟರೆ ಮತ್ತೆ ಸಿಗುವುದಿಲ್ಲ, ಆದ್ದರಿಂದ ದಿನಾ ಇದೇ ಗಾಡಿಯಲ್ಲಿ ಹೋಗಿಬರಬೇಕು. ಅದಾಗುತ್ತದೆಯೇ ಎಂದು ಒಮ್ಮೆ ನೋಡಿಬಿಡೋಣ, ಹಾಗೆಯೇ ಸೂರತ್ತನ್ನೂ ಸುತ್ತೋಣ ಎಂದು ಹೊರಟಿದ್ದೆವು.

ಹೆಂಗಸರ ಡಬ್ಬಿಯಲ್ಲಿ ಕಿಟಕಿ ಪಕ್ಕದ ಒಂದು ಸೀಟು ಖಾಲಿ ಇತ್ತು, ಮೇಲೊಂದು ನೀಲಿ ಅಂಚಿನ ಕರವಸ್ತ್ರ. ಯಾರೋ ಮರೆತು ಇಳಿದಿದ್ದಾರೆಂದು ಸಹನಾ ಅದನ್ನು ಎತ್ತಿ ಎದುರಿನ ಹಿರಿಯ ಮಹಿಳೆಗೆ ಕೊಟ್ಟು ಕೂತಳು. ಆಕೆ ಅದನ್ನು ಮಡಿಸಿ ಸಹನಾಳ ತೊಡೆಯ ಮೇಲಿಟ್ಟರು. ಸುತ್ತಲಿದ್ದವರು ನಕ್ಕರು. ಆಮೇಲೆ ತಿಳಿಯಿತು: ಇವರೆಲ್ಲ ತಿಂಗಳ ಪಾಸಿನವರು, ದಿನವೂ ಅಪ್-ಡೌನ್ ಮಾಡುವವರು. ಮುಂದಿನ ಸ್ಟೇಷನ್ನಿನಲ್ಲಿ ಹತ್ತುವ ಗೆಳತಿಗೆ ಕರವಸ್ತ್ರ ಹಾಸಿ ಜಾಗ ಹಿಡಿಯುತ್ತಾರೆ. ಕರ್ಜಣದವರೆಗೆ ಕೂತುಕೋ, ಆಮೇಲೆ ಏಳು ಎಂದು ಸಹನಾಗೆ ಅಪ್ಪಣೆಯಾಯಿತು.

ಕರ್ಜಣದಲ್ಲಿ ಜಾಗದ ಒಡತಿ ಹತ್ತಿದರು. ಹಂಸಾಬೇನ್, ಐವತ್ತರ ಆಸುಪಾಸು, ಸೂರತ್ತಿನ ಒಂದು ಬ್ಯಾಂಕಿನಲ್ಲಿ ಕೆಲಸ. ಕೂತವರೇ ಚೀಲದಿಂದ ಹಸಿ ತೊಗರಿಕಾಯಿ ತೆಗೆದು ಬಿಡಿಸತೊಡಗಿದರು. ನಮಗೂ ಒಂದೊಂದು ಹಿಡಿ ಕೊಟ್ಟು, ಸುಮ್ಮನೆ ಏಕೆ ಕೂರುತ್ತೀರಿ ಎಂದರು. ಬಿಡಿಸುತ್ತ, ಒಂದನೇ ತಾರೀಖಿನಿಂದ ರೇಣುಕಾ ದಿನಾ ಇದೇ ಗಾಡಿಯಲ್ಲಿ ಬರಬೇಕಾದದ್ದನ್ನು ಹೇಳಿದೆವು.

ಭರೂಚಿನಲ್ಲಿ ಆದದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಅಲ್ಲಿಯ ಹುರಿದ ಶೇಂಗಾ ಹೆಸರುವಾಸಿ. ಕೊಳ್ಳಲೆಂದು ರೇಣುಕಾ ಇಳಿದಳು. ನಾನು ಬಾಗಿಲಲ್ಲಿದ್ದೆ. ಅವಳು ಪೊಟ್ಟಣ ತೆಗೆದುಕೊಂಡು ತಿರುಗುವಾಗ ಗಾಡಿ ಜರುಗಿತು. ಓಡಿಬಂದು ಎಡಗೈಯಲ್ಲಿ ಸರಳು ಹಿಡಿದಳು. ಬಲಗೈಯಲ್ಲಿ ಪೊಟ್ಟಣ ಹಾಗೇ ಇತ್ತು. ಒಂದು ಕಾಲು ಮೆಟ್ಟಿಲ ಮೇಲೆ ಬಂತು, ಇನ್ನೊಂದು ಬರಲಿಲ್ಲ. ಗಾಡಿಗೂ ಪ್ಲಾಟ್‌ಫಾರಮಿಗೂ ನಡುವಿನ ಸಂದಿಯಲ್ಲಿ ಅವಳ ಮೊಣಕಾಲು ಇಳಿಯುವುದನ್ನು ನಾನು ನೋಡಿದೆ. ಅವಳ ದುಪಟ್ಟಾ ನನ್ನ ಕೈಗೆ ಸಿಕ್ಕಿತು, ಅಷ್ಟೆ, ಅದು ಜಾರಿಬಂತು. ಅಷ್ಟರಲ್ಲಿ ಹಿಂದಿನಿಂದ ಎರಡು ಜೊತೆ ಕೈ ನನ್ನನ್ನು ದಾಟಿ ಹೋದವು.

"ಹಾಥ್ ನಾ ಛೋಡ್ತೀ, ದೀಕರಿ," ಕೈ ಬಿಡಬೇಡ ಮಗಳೇ ಎಂದು ಹಂಸಾಬೇನ್ ಒಂದೇ ಸಮನೆ ಹೇಳುತ್ತಿದ್ದರು. ಅವರು ತೋಳು ಹಿಡಿದಿದ್ದರು, ಎದುರು ಸೀಟಿನಾಕೆ ಕುರ್ತಾದ ಬೆನ್ನು ಹಿಡಿದಿದ್ದರು. ಎಳೆದು ಒಳಗೆ ಹಾಕಿದರು. ಒಂದು ಚಪ್ಪಲಿ ಹೋಗಿತ್ತು. ಮೊಣಕಾಲಿನ ಚರ್ಮ ಸುಲಿದಿತ್ತು, ಮೂಳೆಗೆ ಏನೂ ಆಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ನರ್ಮದೆಯ ಸೇತುವೆ ಬಂತು. ಅಗಲವಾದ ನದಿ, ನೀರಿನ ಮೇಲೆ ಮಂಜು. ಹಂಸಾಬೇನ್ ಅದೇ ನೀಲಿ ಅಂಚಿನ ಕರವಸ್ತ್ರದಿಂದ ರೇಣುಕಾಳ ಮೊಣಕಾಲು ಕಟ್ಟಿದರು. ಅಂಕಲೇಶ್ವರ ಬಂದಾಗ ಸಹನಾ ಅಂದಳು:

"ಚಪ್ಪಲಿ ಹೋದ್ರೂ ಶೇಂಗಾ ಬಿಡ್ಲಿಲ್ವಲ್ಲೇ ನೀನು."

ಪೊಟ್ಟಣ ಇನ್ನೂ ರೇಣುಕಾಳ ಮುಷ್ಟಿಯಲ್ಲಿತ್ತು. ಅವಳು ಅದನ್ನು ನೋಡಿ ಅಳತೊಡಗಿದಳು.

ಸೂರತ್ತಿನಲ್ಲಿ ಇಳಿಯುವಾಗ ಹಂಸಾಬೇನ್ ಅವಳ ಕೈಹಿಡಿದು ಇಳಿಸಿದರು. ತಮಗೆ ಜಾಗ ಹಿಡಿಯುವ ಎದುರು ಸೀಟಿನಾಕೆ ಈ ತಿಂಗಳು ನಿವೃತ್ತಿಯಾಗುತ್ತಾರೆ, ವಡೋದರಾದಿಂದ ಬರುವವರು ಯಾರಾದರೂ ಬೇಕು ಎಂದರು. "ಕರವಸ್ತ್ರ ಒಗೆದು ಇಟ್ಟುಕೋ. ಒಂದನೇ ತಾರೀಖಿಗೆ ನನ್ನ ಸೀಟಿನ ಮೇಲಿರಲಿ." ಉತ್ತರಕ್ಕೆ ಕಾಯದೆ ಬ್ಯಾಂಕಿಗೆ ತಡವಾಯಿತೆಂದು ಹೊರಟುಹೋದರು.

ಸ್ಟೇಷನ್ನಿನ ಹೊರಗೆ ಚಪ್ಪಲಿ ಕೊಂಡು, ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಪಟ್ಟಿ ಹಾಕಿಸಿ, ಆಟೋದಲ್ಲಿ ಪಾಂಡೇಸರಾಕ್ಕೆ ಹೋದೆವು. ಮಿಲ್ಲಿನ ಒಳಗೆ ಹಬೆ, ಬಿಸಿ, ಮೂಗು ಚುರುಗುಟ್ಟುವ ವಾಸನೆ. ಉದ್ದನೆಯ ಯಂತ್ರಗಳಲ್ಲಿ ಸೀರೆಬಟ್ಟೆ ಸುತ್ತುತ್ತಿತ್ತು. ಮೇಲ್ವಿಚಾರಕರು ಪಾಲಿಯೆಸ್ಟರಿಗೆ ಬಣ್ಣ ಹಿಡಿಯಲು ಎಷ್ಟು ಶಾಖ ಬೇಕು ಎಂದು ಕೇಳಿದರು. ಕುಂಟುತ್ತಿದ್ದವಳು ನೆಟ್ಟಗೆ ನಿಂತು ನೂರಮೂವತ್ತು ಡಿಗ್ರಿ ಎಂದಳು. ಒಂದು ತುಂಡನ್ನು ಬೆಳಕಿಗೆ ಹಿಡಿದು, ಅಂಚಿನಲ್ಲಿ ಬಣ್ಣ ಸಮನಾಗಿ ಕೂತಿಲ್ಲ ಎಂದೂ ತೋರಿಸಿದಳು. ಅವರು ನಕ್ಕು, ಒಂದನೇ ತಾರೀಖಿಗೆ ಬಂದುಬಿಡು ಎಂದರು. ನೋಡಿ ಹೇಳುತ್ತೇನೆ ಎಂದಳು ರೇಣುಕಾ. ಈ ಜಾಗಕ್ಕೆ ಅವಳು ಮೂರು ತಿಂಗಳು ಕಾದಿದ್ದಳು.

ಆ ದಿನ ಉಳಿದದ್ದು ಸಹನಾಳ ತಂದೆಯ ಪರಿಚಯದ ಶೆಟ್ಟರ ಮನೆಯಲ್ಲಿ. ಅವರು ಉಡುಪಿ ಕಡೆಯವರು. ಕೆಳಗೆ ಹೋಟೆಲು, ಮೇಲೆ ಮನೆ. ನೀರುದೋಸೆ ಬಡಿಸುತ್ತ, "ಕಾಲಿಗೆ ಎಂತ ಆಯ್ತು ಮಾರಾಯ್ತಿ?" ಎಂದು ಕೇಳಿದರು. ಹೇಳಿದೆವು. ಅವರ ಮಗಳು ಎಲ್ಲವನ್ನೂ ಕನ್ನಡದಲ್ಲಿ ಕೇಳಿಸಿಕೊಂಡು, ಕನ್ನಡ ಬಾರದ ಅಮ್ಮನಿಗೆ ಗುಜರಾತಿಯಲ್ಲಿ ಮತ್ತೆ ಹೇಳಿದಳು.

ಊಟವಾದ ಮೇಲೆ ರೇಣುಕಾ ನನಗೆ ಹೇಳಿದಳು: "ಸೋಮವಾರ ಫೋನ್ ಮಾಡಿ ಬ್ಯಾಡ ಅಂತೀನಿ ನೋಡು. ದಿನಾ ಎರಡ ಸಲ ಆ ಬಾಗಲದಾಗ ಕಾಲಿಡಾಕ ನನ್ನ ಕಡಿಂದ ಆಗಂಗಿಲ್ಲ. ನಾಳೆ ಬಸ್ಸಿಗೆ ಹೋಗೂಣು." ನಾನು ಒತ್ತಾಯಿಸಲಿಲ್ಲ. ಕಣ್ಣು ಮುಚ್ಚಿದರೆ ನನಗೂ ಆ ಸಂದಿಯೇ ಕಾಣುತ್ತಿತ್ತು.

ಭಾನುವಾರ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವಳು ಬಚ್ಚಲಲ್ಲಿದ್ದಳು. ಶೆಟ್ಟರ ಹೆಂಡತಿ ಬಿಸಿನೀರು ತಂದರೆ ಬೇಡವೆಂದಳು. ಬಿಸಿನೀರು ಬಿದ್ದರೆ ರಕ್ತದ ಕಲೆ ಬಟ್ಟೆಗೆ ಕೂತುಬಿಡುತ್ತದೆ. ತಣ್ಣೀರಿಗೆ ಉಪ್ಪು ಹಾಕಿ ಕರವಸ್ತ್ರವನ್ನು ಉಜ್ಜುತ್ತಿದ್ದಳು. ಬ್ಯಾಡ ಎನ್ನಲು ಹೊರಟವಳು ಅದನ್ನೇಕೆ ಒಗೆಯಬೇಕು ಎಂದು ನಾನು ಕೇಳಲಿಲ್ಲ.

ತಾಪಿ ನದಿಯ ಬದಿಯಲ್ಲಿ ಚಳಿಗಾಲಕ್ಕೆಂದೇ ಹಾಕುವ ಅಂಗಡಿಗಳಿವೆ. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು ಕಾಳು ಬಿಡಿಸಿ, ಖಾರದ ಸೇವ್ ಬೆರೆಸಿ ಕೊಡುತ್ತಾರೆ. ಇಲ್ಲಿ ಇದು ಪೋಂಕ್. ರೇಣುಕಾ ಒಂದು ಹಿಡಿ ಬಾಯಿಗೆ ಹಾಕಿ ನಿಂತುಬಿಟ್ಟಳು.

"ಇದು ನಮ್ಮ ಸೀತನಿ. ಇಲ್ಲೂ ಅದ."

ಇನ್ನೂ ಒಂದು ತಟ್ಟೆ ಹೇಳಿದಳು. ಮುಗಿಸಿ ಕೈ ಒರೆಸಿಕೊಂಡು, "ಸ್ಟೇಷನ್ನಿಗೇ ಹೋಗೂಣು. ಬಸ್ಸಿನಾಗ ನನಗ ವಾಂತಿ ಬರ್ತದ," ಎಂದಳು. "ನೆಪ ಚೆನ್ನಾಗಿದೆ," ಎಂದಳು ಸಹನಾ. ರೇಣುಕಾ ನಗಲಿಲ್ಲ.

ಸಂಜೆಗೆ ಮುಂಚಿನ ಗಾಡಿ. ಜನ ಹತ್ತಿ ಮುಗಿಯುವವರೆಗೆ ಅವಳು ಬಾಗಿಲ ಮುಂದೆ ನಿಂತಿದ್ದಳು. ಚೀಲ ನನ್ನ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಸರಳು ಹಿಡಿದು ಮೇಲೆ ಬಂದಳು. ಡಬ್ಬಿ ಅರ್ಧ ಖಾಲಿ. ತನ್ನ ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹರವಿದಳು. ಯಾರಿಗೆ ಎಂದು ಸಹನಾ ಕೇಳಿದಳು. ಹಸಿ ಅದ, ಒಣಗಲಿ ಎಂದಳು.

ಭರೂಚಿನಲ್ಲಿ ಗಾಡಿ ನಿಂತಾಗ ಅವಳು ಎದ್ದು ಬಾಗಿಲಿಗೆ ಹೋದಳು. ನಾನೂ ಹಿಂದೆಯೇ ಹೋಗಿ ಅವಳ ಕುರ್ತಾ ಹಿಡಿದೆ. "ಬಿಡು, ಇಳಿಯಂಗಿಲ್ಲ ನಾ," ಎಂದಳು. ಸಂದಿಯನ್ನು ಬಗ್ಗಿ ನೋಡಿದಳು, ತುಸು ಹೊತ್ತು. ಶೇಂಗಾ ಮಾರುವವನು ಕರೆದ. ಅವಳು ಬೇಡವೆಂದು ತಲೆಯಾಡಿಸಿದಳು. ಗಾಡಿ ಹೊರಡುವ ಮೊದಲೇ ಬಂದು ಕೂತಳು.

ಅಲ್ಲಿ ಹತ್ತಿದ ಹೆಂಗಸೊಬ್ಬಳು ಕಂಕುಳಲ್ಲಿ ಕೂಸನ್ನು ಹೊತ್ತು ಬಂದು, ಕರವಸ್ತ್ರ ನೋಡಿ ನಿಂತಳು. ಯಾರಾದರೂ ಬರುತ್ತಾರೆಯೇ ಎಂದು ಹಿಂದಿಯಲ್ಲಿ ಕೇಳಿದಳು.

ರೇಣುಕಾ ಕರವಸ್ತ್ರ ತೆಗೆದು ನಾಲ್ಕು ಮಡಿಕೆ ಮಾಡಿದಳು. ಅದು ಒಣಗಿತ್ತು. ಕೂತುಕೊಳ್ಳಿ ಬೇನ್, ಇವತ್ತು ಯಾರೂ ಬರುವುದಿಲ್ಲ ಎಂದಳು ತನ್ನ ಹರಕು ಹಿಂದಿಯಲ್ಲಿ. ಒಂದನೇ ತಾರೀಖಿನಿಂದ ಬರುತ್ತಾರೆ, ಕರ್ಜಣದಲ್ಲಿ.