ಅತ್ತೆಯ ಗಾಯಕ್ಕೆ ಗಾಳಿ ಬಿಟ್ಟ ದೊಡ್ಡತ್ತೆ

ನಮ್ಮತ್ತೆಯ ಕಾಲು ಉಳಿಯಿತು, ಜೊತೆಗೆ ನನ್ನ ಆಷಾಢವೂ ಅರ್ಧಕ್ಕೇ ಮುಗಿಯಿತು ಫ್ರೆಂಡ್ಸ್!

ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ನನ್ನನ್ನು ಮೈಸೂರಿನ ತವರಿಗೆ ಕಳಿಸಿದ್ದರು. ಅಷ್ಟರಲ್ಲಿ ಮಧುಗಿರಿಯಲ್ಲಿ ಅತ್ತೆಯ ಪಾದದ ಶುಗರ್ ಗಾಯ ದೊಡ್ಡದಾಗಿ ಆಸ್ಪತ್ರೆ ಸೇರಿದರು. ಗಾಯದೊಳಗೆ ಸ್ಪಂಜಿಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೀವು ಹೀರುವ ವ್ಯಾಕ್ಯೂಮ್ ಮೆಷಿನ್ ಹಾಕಿದರು. ನೋಡಿಕೊಳ್ಳಲು ಪಾವಗಡದಿಂದ ಬಂದ ಅತ್ತೆಯ ಅಕ್ಕ, ನಮ್ಮ ದೊಡ್ಡತ್ತೆಗೆ ಆ ಮೆಷಿನ್ ಕಂಡರಾಗದು.

ಇವತ್ತು ವಿಡಿಯೋ ಕಾಲ್ ಮಾಡಿದರೆ ಮೆಷಿನ್ ಕೀಂ ಕೀಂ ಅಂತ ಕೂಗುತ್ತಿದೆ, ನರ್ಸ್ ಓಡಿ ಬಂದಿದ್ದಾರೆ.

"ಹಾಳೆ ಕಿತ್ತಿದ್ದು ಯಾರಮ್ಮ?"

"ಒಂಚೂರು ಮೂಲೆ ಎತ್ತಿದೆ ಕಣಮ್ಮ. ಗಾಯಕ್ಕೆ ಗಾಳಿ ಆಡ್ಬೇಕಲ್ವಾ?" ಅಂದರು ದೊಡ್ಡತ್ತೆ.

"ಗಾಳಿ ಹೋಗಬಾರದು ಅಂತಲೇ ಅಂಟಿಸಿರೋದು!"

ಡಾಕ್ಟರ್ ಬಂದು ಪೂರ್ತಿ ಬಿಚ್ಚಿ ನೋಡಿದರು. ಗಾಯ ಕೆಂಪಗೆ ತುಂಬಿಕೊಂಡಿತ್ತು. "ಕಾಲಿಗಿನ್ನು ಭಯವಿಲ್ಲ. ಮೆಷಿನ್ ಕೆಲಸ ಮುಗೀತು, ಮನೇಲಿ ದಿನಾ ಬಟ್ಟೆ ಡ್ರೆಸ್ಸಿಂಗ್ ಮಾಡಿದ್ರೆ ಸಾಕು."

"ಬಟ್ಟೆ ಕಟ್ರಿ ಅಂತ ನಾನ್ ಮೊದ್ಲೇ ಬಡ್ಕಂಡೆ!" ದೊಡ್ಡತ್ತೆ ತಾವೇ ಗೆದ್ದಂತೆ ಬೀಗಿದರು.

ಅತ್ತೆ ಫೋನ್ ಹತ್ತಿರ ತಂದು ಪಿಸುಗುಟ್ಟಿದರು: "ನಮ್ಮಕ್ಕನ ಕೈಗೆ ಕಾಲು ಕೊಡಕಾಗಲ್ಲ ಕಣಮ್ಮ, ಗಳಿಗೆಗೊಂದ್ಸಲ ಬಿಚ್ಚಿ ನೋಡ್ತಾಳೆ. ಆಷಾಢ ಗೀಷಾಢ ಬುಡು, ನೀನ್ ಬಂದ್ಬುಡು."

"ಹೊಸಿಲು ಅತ್ತೆ?"

"ನಾನೆಲ್ಲಿ ದಾಟ್ತೀನಿ? ನನ್ನ ಎತ್ಕಂಡು ಒಳಗ್ ಹಾಕ್ತಾರೆ. ನೀನೊಬ್ಳೇ ದಾಟು."

ಅತ್ತೆಯ ಹಿಂದೆ ನಿಂತಿದ್ದ ನನ್ನ ಗಂಡ ಆಗಲೇ ನನಗೆ ಟಿಕೆಟ್ ಬುಕ್ ಮಾಡುತ್ತಿದ್ದ. ಶುಕ್ರವಾರ, ಮೈಸೂರಿಂದ ತುಮಕೂರಿಗೆ ಬೆಳಗಿನ ರೈಲು, ಅಲ್ಲಿಂದ ಮಧುಗಿರಿಗೆ ಬಸ್ಸು!