ಟ್ರ್ಯಾಕ್ಟರಿಗೆ ಐದು ನಿಮಿಷದ ಶಾಂತಿ

ಬನಹಟ್ಟಿ ಕಡೆಯ ನಾಲ್ಕಾರು ಊರುಗಳಲ್ಲಿ ಅಪ್ಪ ಹೊಡೆದ ಸಾಲಿಗೆ ಹೆಸರಿತ್ತು. ಎಪ್ಪತ್ತು ದಾಟಿದರೂ ಕಂಡವರ ಹೊಲದ ಬದುವಿನ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ ಡೊಂಕು ಹುಡುಕುವ ಚಾಳಿ ಬಿಟ್ಟಿರಲಿಲ್ಲ. ಇಂಥವನ ಮುಂದೆ ನಾನು, ಟ್ರ್ಯಾಕ್ಟರಿಗೆ ತಾನೇ ಸ್ಟೇರಿಂಗ್ ತಿರುಗಿಸುವ ಯಂತ್ರ ಕೂಡಿಸುತ್ತೇನೆ, ಕಬ್ಬಿನ ಸಾಲು ನೂಲು ಹಿಡಿದಂತೆ ಬರುತ್ತದೆ ಎಂದು ಕೊಚ್ಚಿಕೊಂಡೆ. ಒಂದು ಗೇಣು ಸರಿದರೂ ಯಂತ್ರ ವಾಪಸ್ ಎಂದು ಅಪ್ಪ ಷರತ್ತು ಹಾಕಿದ.

ಜಮಖಂಡಿಯ ಮೆಕ್ಯಾನಿಕ್ ಹೊಲಕ್ಕೇ ಬಂದು ಸೀಟಿನ ಕೆಳಗೆ ಅಂಗೈಯಗಲದ ಸೆನ್ಸರ್ ಡಬ್ಬಿ ಬಿಗಿದ. ಗಾಡಿ ಎಷ್ಟು ವಾಲಿತು, ಎತ್ತ ಹೊರಳಿತು ಎಂದು ಅಳೆಯುವುದು ಅದೇ. ಮೊದಲ ಸಲ ಚಾಲೂ ಮಾಡಿದಾಗ ಐದು ನಿಮಿಷ ಗಾಡಿ ಅಲುಗಬಾರದು, ಅಲುಗದೆ ನಿಲ್ಲುವುದೆಂದರೇನು ಎಂದು ಅದು ಕಲಿಯುವುದು ಆಗಲೇ ಎಂದ. ಆದರೆ ಪೂಜೆಯಿಲ್ಲದೆ ಹೊಸದನ್ನು ಮುಟ್ಟುವಂತಿಲ್ಲವೆಂದು ಅಪ್ಪ ಬೀರಪ್ಪ ದೇವರ ಗುಡಿಯ ಡೊಳ್ಳಿನವರನ್ನು ಕರೆಸಿದ್ದ. ಮೆಕ್ಯಾನಿಕ್ ಗುಂಡಿ ಒತ್ತಿದ್ದೇ ತಡ, ಅದೇ ಮುಹೂರ್ತವೆಂದು ಎಂಟು ಡೊಳ್ಳು ಒಮ್ಮೆಲೇ ಗುಡುಗಿದವು. ಭಂಡಾರದ ಅರಿಶಿನಪುಡಿ ಹಾರಿತು. ಇಬ್ಬರು ಚಿಕ್ಕಪ್ಪಂದಿರು ಫೋಟೋಕ್ಕೆಂದು ಮಡ್‌ಗಾರ್ಡ್ ಏರಿ ಕುಣಿದರು. ನಿಲ್ಲಿಸಿ ಎಂದು ಮೆಕ್ಯಾನಿಕ್ ಎರಡೂ ಕೈ ಬೀಸಿದ. ಅವನೂ ಕುಣಿಯುತ್ತಿದ್ದಾನೆಂದು ಜನಕ್ಕೆ ಇನ್ನಷ್ಟು ಹುರುಪು ಬಂತು.

ಹೀಗೆ ಪಾಠ ಕಲಿತ ಟ್ರ್ಯಾಕ್ಟರ್ ಮೊದಲ ಸಾಲಿನಲ್ಲೇ, ಬೀಗರ ಮನೆಗೆ ಹೊರಟಂತೆ, ಪಕ್ಕದವರ ಹೊಲದತ್ತ ನಿಶ್ಚಿಂತೆಯಿಂದ ಹೊರಳಿತು. ನನ್ನ ಮುಖ ಹುಳ್ಳಗಾಯಿತು. ಇನ್ನೊಮ್ಮೆ ಕಲಿಸುತ್ತೇನೆ, ಐದು ನಿಮಿಷ ಶಾಂತಿ ಕೊಡಿಸಿ ಎಂದು ಮೆಕ್ಯಾನಿಕ್ ಅಪ್ಪನಿಗೇ ಕೈಮುಗಿದ. ಅಪ್ಪ ಕೋಲು ಕುಟ್ಟಿ ಎಲ್ಲರನ್ನೂ ದೂರದ ಬದುವಿನ ಮೇಲೆ ಕೂರಿಸಿದ. ಎದುರಿಗೆ ಕೂತವರೊಡನೆಯೂ ಹೊಳೆಯಾಚೆ ಇದ್ದವರಿಗೆ ಕೂಗಿದಂತೆ ಮಾತಾಡುವ ನಮ್ಮ ಮಂದಿ ಅಂದು ಕೆಮ್ಮಲೂ ಇಲ್ಲ.

ಎರಡನೆಯ ಸಾಲು ನೆಟ್ಟಗೆ ಬಂತು. ಅಪ್ಪ ಈ ತುದಿಯಿಂದ ನೋಡಿದ. ಆ ತುದಿಯವರೆಗೆ ನಡೆದು ಅಲ್ಲಿಂದಲೂ ನೋಡಿದ. ಗೆದ್ದೆನೆಂದು ಹಲ್ಲು ಕಿರಿಯುತ್ತ ಹತ್ತಿರ ಹೋದೆ.

"ಡೊಂಕು ಸಿಗವಲ್ದು," ಎಂದ. "ಇನ್ನ ನಾ ಹೊಲಕ್ಕ ಬಂದು ಏನ್ ಮಾಡ್ಲಿ?"

ಇಷ್ಟು ಹೊತ್ತು ನಾನು ಯಾರನ್ನು ಸೋಲಿಸಲು ಹೊರಟಿದ್ದೆ ಎಂಬುದು ಆಗ ತಿಳಿಯಿತು.

"ಯಪ್ಪಾ, ಸಾಲ ಹೊಡ್ಯೂ ದಿನಾ ಮುಂಜಾನೆ ಐದ್ ನಿಮಿಷ ಹಿಂಗ ಎಲ್ಲಾರ್ನೂ ಸುಮ್ಮ ಕುಂಡ್ರಸಬೇಕಂತ," ಎಂದೆ. "ನಿನ್ನ ಬಿಟ್ರ ಈ ಮಂದಿ ಯಾರ ಮಾತ ಕೇಳ್ತಾರ?"

ಒಮ್ಮೆ ಕಲಿಸಿದರೆ ಸಾಕು ಎನ್ನಲು ಬಾಯಿ ತೆರೆದ ಮೆಕ್ಯಾನಿಕ್‌ನ ಕಾಲು ತುಳಿದೆ. ಅಂದಿನಿಂದ ಸಾಲು ಹೊಡೆಯುವ ದಿನ ಅಪ್ಪ ಎಲ್ಲರಿಗಿಂತ ಮೊದಲು ಹೊಲದಲ್ಲಿರುತ್ತಾನೆ. ಮೊನ್ನೆ ನಾನು ಸೀನಿದ್ದಕ್ಕೆ ಐದು ನಿಮಿಷ ಮತ್ತೆ ಮೊದಲಿನಿಂದ ಶುರುವಾಯಿತು.