ಐದು ಫೈಲು, ಒಂದು ಬಚ್ಚಲೊಲೆ

ಬ್ರಹ್ಮಾವರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಅಮ್ಮನಿಗೆ ಎಪ್ಪತ್ತೈದು ತುಂಬುವ ವರ್ಷ ನಾವು ಐವರು ಮಕ್ಕಳು ಅವಳ ಬಗ್ಗೆ ಒಂದು ಪುಟ್ಟ ಪುಸ್ತಕ ಮಾಡುವುದೆಂದಾಯಿತು. ಎಲ್ಲರೂ ಬರೆದು ಕಳಿಸುವುದು, ಜೋಡಿಸುವ ಕೆಲಸ ಮಾತ್ರ ನಡುವಿನವಳಾದ ನನ್ನ ತಲೆಗೆ.

"ಪುಸ್ತಕ ಬಪ್ಪುವರೆಗೆ ನಾ ಬರ್ದದ್ದ್ ನೀನೂ ಓದ್‌ಬೇಡ, ಬೇರೆಯವ್ರಿಗೂ ತೋರ್ಸ್‌ಬೇಡ, ಆಯ್ತಾ?" ಎಂದು ಕುಂದಾಪುರದಿಂದ ದೊಡ್ಡಣ್ಣ ಫೋನು ಮಾಡಿದ. ಉಳಿದ ಮೂವರೂ ಅದನ್ನೇ ಹೇಳಿದರು. ಎಲ್ಲರಿಗೂ ಹೂಂ ಎಂದೆ. ನನಗೆ ಒಳಗೊಳಗೇ ನಗು. ನಾನು ಬರೆದದ್ದನ್ನು ಓದಿದರೆ ಇವರೆಲ್ಲ ಮುಖ ಊದಿಸಿಕೊಂಡು ಕೂರುತ್ತಾರೆ ಅಂದುಕೊಂಡೆ.

ವಿಷಯ ಇಷ್ಟು. ನಮ್ಮೂರು ನಾವುಂದದಲ್ಲಿ ಅಮ್ಮ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಕಾಣೆಯಂಥ ಒಳ್ಳೆಯ ಮೀನೆಲ್ಲ ಗಿರಾಕಿಗೆ, ಮನೆಗೆ ಸಣ್ಣಪುಟ್ಟದ್ದು. ಆದರೆ ಎಣ್ಣೆಸ್ನಾನದ ದಿನ ಒಬ್ಬೊಬ್ಬರನ್ನೇ ಬಚ್ಚಲಿಗೆ ಕರೆದು ಬಾಗಿಲು ಹಾಕುವಳು. ನನ್ನ ಸರದಿ ಬಂದಾಗ ಹಂಡೆಯ ಕೆಳಗಿನ ಕೆಂಡದಲ್ಲಿ ಉಪ್ಪು ಸವರಿದ ಕಾಣೆಯೊಂದನ್ನು ಸುಟ್ಟು, ಮುಳ್ಳು ಬಿಡಿಸಿ ನನ್ನ ಬಾಯಿಗಿಟ್ಟು, "ನಿಂಗ್ ಮಾತ್ರ. ಯಾರಿಗೂ ಹೇಳುಕಾಗ" ಅನ್ನುವಳು. ಮೀನು ಮಾರುವವರ ಮನೆಯಲ್ಲಿ ಮೀನಿನ ವಾಸನೆ ಬಂದರೆ ಯಾರು ಕೇಳುತ್ತಾರೆ? ಐವರಲ್ಲಿ ಅಮ್ಮನಿಗೆ ನಾನೇ ಹೆಚ್ಚು ಎಂಬ ನಂಬಿಕೆಯಲ್ಲೇ ದೊಡ್ಡವಳಾದೆ. ಗಂಡನ ಹತ್ತಿರವೂ ಬಾಯಿ ಬಿಟ್ಟವಳಲ್ಲ.

ಫೈಲುಗಳು ಬಂದವು. ಅಣ್ಣನದು ಯಾವ ಕಾಲದ್ದೋ ಫಾಂಟು, ಅಕ್ಕ ತಂಗಿಯರದು ಯುನಿಕೋಡ್, ಮುಂಬೈಯ ತಮ್ಮನದು ಪುಟದ ಅಳತೆಯೇ ಬೇರೆ. ಎಲ್ಲರ ಫೈಲೂ ಒಂದನೇ ಪುಟದಿಂದಲೇ ಶುರು, ಮನೆಗೆ ತಾವೇ ಮೊದಲನೆಯವರು ಎಂಬಂತೆ. ಕೊಟ್ಟ ಮಾತಿನಂತೆ ನಾನೂ ಓದಲಿಲ್ಲ. ಫಾಂಟು ಬದಲಿಸಿ, ಅಳತೆ ಹೊಂದಿಸಿ, ಒಂದರ ಹಿಂದೆ ಒಂದನ್ನು ಸೇರಿಸಿ ಒಂದೇ ಫೈಲು ಮಾಡಿದೆ. ಪುಟಸಂಖ್ಯೆಗಳು ಸರಸರನೆ ಸಾಲಾಗಿ ನಿಂತವು. ಈ ಕೆಲಸದಲ್ಲಿ ನನಗೆ ಬಹಳ ಖುಷಿ ಕೊಡುವ ಗಳಿಗೆ ಅದು.

ನನ್ನ ಮೀನಿನ ಪ್ಯಾರಾ ಎಷ್ಟನೇ ಪುಟಕ್ಕೆ ಬಂತು ನೋಡೋಣವೆಂದು 'ಬಚ್ಚಲ' ಎಂದು ಟೈಪಿಸಿ ಹುಡುಕಲು ಕೊಟ್ಟೆ. ಅದು ಹೋಗಿ ಅಣ್ಣನ ಪುಟದಲ್ಲಿ ನಿಂತಿತು. ಬಚ್ಚಲೊಲೆ, ಕೆಂಡ, ಸುಟ್ಟ ಕಾಣೆ, "ನಿಂಗ್ ಮಾತ್ರ." ಮತ್ತೆ ಒತ್ತಿದೆ, ಅಕ್ಕ. ಮತ್ತೆ ಒತ್ತಿದರೆ ನಾನು, ಆಮೇಲೆ ತಂಗಿ. ತಮ್ಮನಿಗಂತೂ ಎರಡೆರಡು ಮೀನು. ಆ ಎರಡನೆಯದನ್ನು ಓದಿದಾಗ ಮೈ ಉರಿದುಹೋಯಿತು.

ಅಲ್ಲಿಂದಲೇ ನಾವುಂದಕ್ಕೆ ಫೋನು ಹಚ್ಚಿದೆ. "ಅಮ್ಮಾ, ಬಚ್ಚಲಲ್ಲಿ ಮೀನ್ ಸುಟ್ಟ್ ಕೊಟ್ಟದ್ದ್ ನಂಗ್ ಮಾತ್ರ ಅಲ್ದಾ? ಐದೂ ಜನ ಅದನ್ನೇ ಬರ್ದಿದ್ರಲೆ."

"ಹಾಂಗಾರೆ ಇಷ್ಟ್ ವರ್ಷ ಒಬ್ರೂ ಒಬ್ರ ಹತ್ರ ಹೇಳಲಿಲ್ಯಾ?" ಎಂದಳು ಅಮ್ಮ.

"ಇಲ್ಲೆ."

ಆ ಕಡೆಯಿಂದ ನಗು ಶುರುವಾಯಿತು. ಮೀನು ಪೇಟೆಯ ಗದ್ದಲದಲ್ಲೂ ಕೇಳಿಸುತ್ತಿದ್ದ ಅದೇ ನಗು. "ನನ್ ಮಕ್ಳ್ ನನ್ ಒಂದ್ ಮಾತೂ ಕೇಂತಿಲ್ಲೆ ಅಂದೇಳಿ ಬೈತಿದ್ದೆ. ಇದೊಂದ್ ಐದೂ ಜನ ಕೇಂಡಿರಿ ಕಾಣ್."

ನನಗೂ ನಗು ಬಂತು, ಆದರೆ ಬಿಡುವವಳು ನಾನಲ್ಲ. "ಅದಿರ್ಲಿ. ಖರೇ ಹೇಳ್, ಐವರಲ್ಲಿ ನಿಂಗೆ ಯಾರ್ ಹೆಚ್ಚ್?"

"ಎಣ್ಣೆ ಹಚ್ಚುವಾಗ ನನ್ ಎದ್ರಿಗ್ ಯಾರ್ ಕೂತಿದ್ರೋ ಅವ್ರ್," ಎಂದಳು ಅಮ್ಮ.

ಫೋನಿಟ್ಟ ಮೇಲೂ ನಗುತ್ತಲೇ ಇದ್ದೆ, ಕಣ್ಣೂ ಒದ್ದೆಯಾಗಿತ್ತು. ಬೇರೆಯವರ ಪುಸ್ತಕವಾಗಿದ್ದರೆ ಒಂದೇ ಸಂಗತಿ ಮತ್ತೆ ಮತ್ತೆ ಬಂದಿದೆ ಎಂದು ಕತ್ತರಿ ಹಾಕುತ್ತಿದ್ದೆ. ಇದರಲ್ಲಿ ಒಂದು ಮೀನನ್ನೂ ತೆಗೆಯಲಿಲ್ಲ, ತಮ್ಮನ ಎರಡನೆಯದನ್ನೂ ಬಿಟ್ಟೆ.